ಅಕ್ಕೋರು ಹರಿದು ಹಾಕದ ಹಾಳೆ

ಇವತ್ತು ಮುಂಜಾನೆ ಹುಕ್ಕೇರಿಯ ನಮ್ಮ ಬಾಜೂ ಮನೆಯಲ್ಲಿ ಗುರೆಳ್ಳು ಹುರಿಯುತ್ತಿದ್ದರು. ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಮ್ಮ ಗಣಿತದ ಅಕ್ಕೋರು ಕಣ್ಣ ಮುಂದೆ ಬಂದು ನಿಂತರು. ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುವುದು ನಮ್ಮ ಕಡೆಯ ರೂಢಿ. ಮೂಡಲಗಿಯ ಹೈಸ್ಕೂಲಿನಲ್ಲಿ ಮಧ್ಯಾಹ್ನ ಅವರು ತಮ್ಮ ಡಬ್ಬಿಯ ರೊಟ್ಟಿಗೆ ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ನನಗೂ ಅರ್ಧ ಕೊಡುತ್ತಿದ್ದರು. ಅಷ್ಟು ಮುದ್ದು ನನ್ನ ಮೇಲೆ…

ನಾನು ವಟವಟ ಮಾತಿನ ಹುಡುಗಿ. ಬೆಂಚಿನ ಮೇಲೆ ಹತ್ತು ನಿಮಿಷ ಕೂತರೆ ಹೆಚ್ಚು. ಆದರೆ ಲೆಕ್ಕ ಅಂದರೆ ಜೀವ. ಅಕ್ಕೋರು ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಒದರಿಬಿಡುತ್ತಿದ್ದೆ. ಗೋಕಾಕದ ಕಾಲೇಜಿನಲ್ಲಿ ಸೈನ್ಸ್ ತಗೊಳ್ಳಬೇಕು, ಅಕ್ಕೋರಂತೆ ಗಣಿತ ಕಲಿಸಬೇಕು, ಇಷ್ಟೇ ನನ್ನ ಆಸೆ.

ಹತ್ತನೇ ಇಯತ್ತೆಯಲ್ಲಿ ಒಂದು ಶನಿವಾರ ಅಕ್ಕೋರು ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿದರು.

"ನಿಮ್ಮ ಸ್ವಭಾವ ಹೆಂಗೈತಿ ಹಂಗ ಬರೀರಿ. ಖರೇ ಬರೀರಿ. ನಾ ಒಬ್ಬಾಕಿನ ಓದಿ ಹರದ ಒಗೀತೇನಿ."

ನನ್ನ ಪಕ್ಕದ ಗೆಳತಿ ಬರೆದದ್ದು ಮೂರೇ ಸಾಲು: ಶಾಂತ ಸ್ವಭಾವ, ನಸುಕಿನಲ್ಲಿ ಎದ್ದು ಓದುತ್ತೇನೆ, ದೊಡ್ಡವರ ಮಾತು ಮೀರುವುದಿಲ್ಲ. ಹೊತ್ತು ಏರಿದರೂ ಹಾಸಿಗೆ ಬಿಡದ ಸೋಂಬೇರಿ ಅವಳು! ನಾನೋ, ಹುಚ್ಚಿ, ಎರಡೂ ಬದಿ ತುಂಬಿಸಿದೆ. ಪರೀಕ್ಷೆ ಅಂದರೆ ಅಂಜುತ್ತೇನೆ, ಪ್ರಶ್ನೆಪತ್ರಿಕೆ ಬಂದಾಗ ಐದು ನಿಮಿಷ ಏನೂ ಕಾಣುವುದಿಲ್ಲ, ಒಮ್ಮೊಮ್ಮೆ ಪಾಯಖಾನೆಯ ಬಾಗಿಲು ಹಾಕಿಕೊಂಡು ಅತ್ತು ಬರುತ್ತೇನೆ… ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಕ್ಕೋರಿಗೆ ಹೇಳಿ ಹಗುರಾದೆ.

ರಿಸಲ್ಟ್ ಬಂತು. ಗಣಿತದಲ್ಲಿ ಇಡೀ ಸಾಲೆಗೆ ನಾನೇ ಮೊದಲು. ಅಪ್ಪ ಪೇಡೆಯ ಪೊಟ್ಟಣ ಹಿಡಿದು ನನ್ನನ್ನೂ ಕರೆದುಕೊಂಡು ಅಕ್ಕೋರ ಮನೆಗೆ ಹೋದ. ಮುಂದೆ ಯಾವ ವಿಷಯ ಅಂತ ಅವರನ್ನೇ ಕೇಳುವುದು ನಮ್ಮ ಓಣಿಯ ಪದ್ಧತಿ; ಅವರು ಅಂದದ್ದೇ ಕೊನೆ. ಅಕ್ಕೋರು ಕಪಾಟು ತೆಗೆದರು. ಅಯ್ಯೋ, ನನ್ನ ಹಾಳೆ! ಅಪ್ಪನ ಕೈಗೇ ಕೊಟ್ಟರು.

"ಈಕಿ ಅಂಜುಬುರಕಿ ಅದಾಳ್ರಿ. ಸೈನ್ಸ್ ತಡ್ಯಾಂಗಿಲ್ಲ. ಆಕೀನ ಬರದಾಳ ನೋಡ್ರಿ."

ಅಪ್ಪ ಬೆರಳಿಟ್ಟು ಸಾಲು ಸಾಲು ಓದಿದ. ಪಾಯಖಾನೆಯ ಮಾತು ಬಂದಾಗ ತಲೆ ಎತ್ತಿ ನನ್ನ ಮುಖ ನೋಡಿದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇದನ್ನ ನನಗ ಯಾಕ ಹೇಳಲಿಲ್ಲವ್ವಾ?" ಅಂದ, ಅಷ್ಟೇ.

ನಾನು ಆರ್ಟ್ಸ್ ಸೇರಿದೆ. ಸುಳ್ಳು ಬರೆದ ಗೆಳತಿಗೆ ಸೈನ್ಸ್. ಖರೇ ಬರೆದದ್ದೇ ನನ್ನ ತಪ್ಪಾಯಿತು. ಅದಾದ ಮೇಲೆ ಯಾರ ಮುಂದೆಯೂ ಮನಸ್ಸು ಬಿಚ್ಚಿದವಳಲ್ಲ, ಗಂಡನ ಮುಂದೆಯೂ.

ಎಷ್ಟೋ ವರ್ಷದ ಮೇಲೆ ಸಂಕೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು ಸಿಕ್ಕರು. ಕೂದಲು ಪೂರಾ ಬೆಳ್ಳಗಾಗಿತ್ತು. ಕೇಳಿಯೇ ಬಿಟ್ಟೆ.

"ಹರದ ಒಗೀತೇನಿ ಅಂದಿದ್ರಲ್ರಿ ಅಕ್ಕೋರ?"

ಅವರು ನನ್ನ ಕೈ ಹಿಡಿದುಕೊಂಡರು. "ನಾನೂ ನಿನ್ನಂಗ ಇದ್ದೆನವಾ. ಪರೀಕ್ಷಾ ಅಂದ್ರ ವಾಂತಿ ಬರತಿತ್ತು. ಅಂಜಕೋತ ಅಂಜಕೋತನ ಓದಿದೆ. ಆ ತ್ರಾಸ ನಿನಗ ಬ್ಯಾಡ ಅನಸ್ತು."

ನನಗೆ ಮೈಯೆಲ್ಲ ಉರಿಯಿತು. ಅಂಜುತ್ತಲೇ ಓದಿ ಗಣಿತದ ಅಕ್ಕೋರಾದವರು, ನನಗೆ ಮಾತ್ರ ಆಗುವುದಿಲ್ಲ ಅಂದರಲ್ಲ! ಅಂಜುಬುರಕಿಯ ಕೈಲೂ ಆಗುತ್ತದೆ ಅಂತ ಇಡೀ ಊರಿನಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಕೈ ಬಿಡಿಸಿಕೊಂಡೆ. ಬಸ್ಸು ಬಂತು, ಹತ್ತಿ ಕೂತೆ.

ಹೋದ ತಿಂಗಳು ಅಕ್ಕೋರು ತೀರಿಕೊಂಡರಂತೆ. ನಾನು ಮಣ್ಣಿಗೆ ಹೋಗಲಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ… ಆದರೂ ಇವತ್ತು ಒಲೆಯ ಮುಂದೆ ನಿಂತಲ್ಲೇ ಅಳು ಬಂತು. ಆ ತ್ರಾಸು ನನಗೆ ಬೇಕಾಗಿತ್ತು ಅಂತ ಅವರಿಗೆ ಹೇಳುವುದು ಉಳಿದೇ ಹೋಯಿತು.