ಪಿಂಜಾರ ಚಾಚಾನ ಬಿಲ್ಲು

ರೇಡಿಯೋದಲ್ಲಿ ರಾಕ್ ಗಿಟಾರ್ ಒಮ್ಮೆ ಟಂಯ್ ಅಂದರೆ ಸಾಕು, ಬಾರಿಸಿದವನ ಹೆಸರು ಹೇಳುವ ಗಂಡು ಇಡೀ ದಾವಣಗೆರೆಗೆ ನಾನೊಬ್ಬನೇ! “ಒಬ್ಬ ತಂತಿ ಎಳೆದು ಅಳಿಸ್ತಾನೆ, ಇನ್ನೊಬ್ಬ ಬಡಿದು ಬೈಯಿಸ್ತಾನೆ” ಎಂದು ಹರಿಹರದಲ್ಲಿ ರೈಲು ಹತ್ತಿದಾಗಿನಿಂದ ಕೊಚ್ಚಿಕೊಳ್ಳುತ್ತಿದ್ದೆ. ಹತ್ತಿ ಹಿಂಜುವ ಬಿಲ್ಲು ಹಿಡಿದು ಎದುರಿಗೆ ಕೂತಿದ್ದ ಮುದುಕ ಕೇಳಿದ:

“ನನ್ ಮಗ ಬಾಷಾನ ಗಿಟಾರ್ ಕೇಳೀರೇನ್ರಿ? ಮದ್ವಿ ಆರ್ಕೆಸ್ಟ್ರಾದಾಗ ಬಾರಿಸ್ತಿದ್ದ. ಮನ್ಯಾಗ ಬ್ಯಾಡ ಅಂತ ಬೈದೆ, ನಾ ಒಮ್ಮೆನೂ ಕಿವಿಗೊಟ್ಟು ಕೇಳಲಿಲ್ಲ. ಹೋದ ತಿಂಗಳು ಮಣ್ಣು ಕೊಟ್ವಿ. ಹೆಂಗೆ ಬಾರಿಸ್ತಿದ್ದ?”

ಬಾಷಾನ ಹೆಸರನ್ನೇ ನಾನು ಕೇಳಿರಲಿಲ್ಲ. ಬಿಲ್ಲು ಕಣ್ಣಿಗೆ ಬಿತ್ತು.

“ಅವನಂಗೆ ಯಾರೂ ಬಾರಿಸಲ್ಲ ಚಾಚಾ. ತಂತಿ ಥೇಟ್ ನಿಮ್ಮ ಬಿಲ್ಲಿನಂಗೆ ಮಿಡೀತಿತ್ತು.”

ಮುದುಕ ಬಿಲ್ಲನ್ನು ಕಿವಿಗೆ ಒತ್ತಿಕೊಂಡು, ಬೆರಳಿಂದ ಮೆಲ್ಲಗೆ ಮೀಟಿದ. ಮತ್ತೆ ಮತ್ತೆ ಮೀಟಿದ.

ನನ್ನ ಸುಳ್ಳನ್ನು ಊರಲ್ಲಿ ಯಾರೂ ನಂಬುವುದಿಲ್ಲ. ಇದೊಂದನ್ನು ಮಾತ್ರ, ದಾವಣಗೆರೆ ಬರುವಷ್ಟರಲ್ಲಿ, ನಾನೂ ನಂಬಿಬಿಟ್ಟಿದ್ದೆ.