ತೋಟದವ್ವ ಕೊಟ್ಟ ಒಂದು ವರ್ಷ

ಗದ್ದೆಗೆ ಇಳಿಯುವ ಮುಂಚೆ ಅವರು ಕೊರಳಲ್ಲಿ ನೇತಾಡುವ ಲಿಂಗದ ಬೆಳ್ಳಿ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದು, ಹೆಗಲ ಮೇಲಿಂದ ಬೆನ್ನಿಗೆ ತಳ್ಳಿ, ಸೆರಗಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೆಸರು ಸಿಡಿಯಬಾರದಲ್ಲ. ಆಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬಗ್ಗಿದರೆ ಸಾಲು ಮುಗಿಯುವವರೆಗೂ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಅರವತ್ತು ದಾಟಿದ ಹೆಂಗಸು. ನಾನು ಅವರನ್ನು ಮೊದಲ ಸಲ ನೋಡಿದ್ದು ಮುಖದ ಕಡೆಯಿಂದಲ್ಲ, ಆ ಬೆನ್ನಿನ ಕಡೆಯಿಂದ.

ತೊಂಬತ್ತರ ದಶಕದ ಕೊನೆಯ ಮಾತು. ನಂಜನಗೂಡಿನಲ್ಲಿ ನನ್ನ ಮನೆ. ಹತ್ತನೇ ಕ್ಲಾಸಿಗೆ ಓದು ಬಿಟ್ಟು, ಹಣ್ಣಿನ ಮಂಡಿಯಲ್ಲಿ ಮೂಟೆ ಹೊತ್ತು, ಒಂದು ಹಳೇ ವ್ಯಾನು ಮಾಡಿಕೊಂಡಿದ್ದೆ. ಮೈಸೂರಿನಿಂದ ಜನರನ್ನು ತುಂಬಿಕೊಂಡು, ಸೋಮನಾಥಪುರದ ಗುಡಿ ತೋರಿಸಿ, ನರಸೀಪುರದ ಸಂಗಮದಲ್ಲಿ ಕಾಲು ನೆನೆಸಿ, ನಂಜನಗೂಡಿನಲ್ಲಿ ದರ್ಶನ ಮಾಡಿಸಿ ವಾಪಸು ಬಿಡುವುದು ನನ್ನ ಕಸುಬು. ಚೌಕಾಸಿ ನನಗೆ ಹುಟ್ಟುಗುಣ. ಕೊತ್ತಂಬರಿ ಸೊಪ್ಪು ಕೊಂಡರೂ ಕರಿಬೇವು ಕೊಸರು ಕೇಳದೆ ಬಂದವನಲ್ಲ.

ಒಂದು ಸಲ ಬ್ಯಾಂಕಿನವರ ನಾಲ್ಕೈದು ಸಂಸಾರ ನನ್ನ ವ್ಯಾನಿನಲ್ಲಿತ್ತು. ನರಸೀಪುರ ಬಿಟ್ಟು, ಹದಿನಾರು ಅನ್ನುವ ಊರು ಇನ್ನೂ ಸ್ವಲ್ಪ ದೂರ ಇರುವಾಗ, ನಾಲೆಯ ಪಕ್ಕದ ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು. "ನಿಲ್ಸಿ ನಿಲ್ಸಿ" ಎಂದು ಕೂಗಿ ಎಲ್ಲರೂ ಇಳಿದರು. ಚಪ್ಪಲಿ ಬಿಟ್ಟು ಕೆಸರಿಗೇ ಇಳಿದು ಫೋಟೋ ಹೊಡೆಯಲು ಶುರು ಮಾಡಿದರು. ಇನ್ನೇನು ಬೈಗುಳ ಬೀಳುತ್ತದೆ ಎಂದು ನಾನು ವ್ಯಾನಿನ ಕೀಲಿ ಕೈಯಲ್ಲೇ ಇಟ್ಟುಕೊಂಡಿದ್ದೆ. ಬಗ್ಗಿದ್ದ ಅಜ್ಜಿ ನೆಟ್ಟಗಾಗಿ ಎಲ್ಲರನ್ನೂ ಒಂದು ಸುತ್ತು ನೋಡಿದರು.

"ಫೋಟೋ ಆಮ್ಯಾಕೆ ತಕ್ಕಳಿ. ಕೆಸ್ರಿಗೆ ಇಳಿದೀರಲ್ಲ, ಆ ಸಾಲು ನೆಟ್ಬುಟ್ಟೇ ಮ್ಯಾಕೆ ಬನ್ನಿ. ಉಣ್ಣಾಕೆ ಎಲೆ ಆಕುಸ್ತೀನಿ."

ಬ್ಯಾಂಕಿನ ಮ್ಯಾನೇಜರು ಪ್ಯಾಂಟು ಮಡಚಿ ಪೈರಿನ ಕಟ್ಟು ಹಿಡಿದರು. ಒಂದು ಸಾಲು ಮುಗಿಸಲು ಹತ್ತು ಜನಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ಆ ಸಾಲು ಹಾವು ಹರಿದ ಹಾಗಿತ್ತು. ಮನೆ ಜಗಲಿಯಲ್ಲಿ ಬಿಸಿ ಮುದ್ದೆ, ಉಪ್ಸಾರು, ಖಾರ. ಊಟವಾದ ಮೇಲೆ ಆ ಮ್ಯಾನೇಜರು ವ್ಯಾನು ಹತ್ತುತ್ತಾ, "ಇವತ್ತು ನೋಡಿದ್ದರಲ್ಲಿ ಇದೇ ಚೆನ್ನಾಗಿತ್ತು ಕಣ್ರೀ" ಎಂದರು. ಏಳು ನೂರು ವರ್ಷ ದಾಟಿದ ಗುಡಿ ತೋರಿಸಿ ಬಂದವನಿಗೆ ಈ ಮಾತು!

ಕಿವಿಗೆ ಬಿದ್ದ ಇಂಥ ಮಾತನ್ನು ಗಾಳಿಗೆ ಬಿಡಬಾರದು. ಮಾರನೆಯ ದಿನವೇ ಹೋಗಿ ಅವರ ಜಗಲಿಯಲ್ಲಿ ಕುಳಿತೆ. ಗಂಡ ತೀರಿಕೊಂಡ ಮೇಲೆ ತೋಟ, ಗದ್ದೆ ಎರಡನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಮಗ, ಸೊಸೆ ಜೊತೆಯಲ್ಲಿದ್ದರು. ಊರಿನವರೆಲ್ಲ ಅವರನ್ನು ತೋಟದವ್ವ ಎನ್ನುತ್ತಿದ್ದರು. ನಾನೂ ಅವ್ವ ಎಂದೆ.

"ಅವ್ವಾ, ನಾನು ಜನ ಕರ್ಕೊಂಡು ಬರ್ತೀನಿ. ತಲೆಗೆ ಇಷ್ಟು ಅಂತ ಮಾತಾಡ್ಕೊಳ್ಳೋಣ."

"ತಲೆ ಲೆಕ್ಕದಲ್ಲಿ ಕುರಿ ಮಾರ್ತಾರೆ ಕಣಪ್ಪ. ಮನೆಗೆ ಬಂದೋರ್ನ ಅಲ್ಲ. ಊಟಕ್ಕೆ ನಾನು ಕಾಸು ಇಸ್ಕಳಕಿಲ್ಲ. ಬಂದೋರು ಒಂದು ಸಾಲು ಕೆಲ್ಸ ಮಾಡ್ಬೇಕು. ಅವ್ರ ಕೈಯಾರ ಕಿತ್ತದ್ದು ಬಾಳೇನೋ ಕಾಯೋ, ಅದುನ್ನ ಅವ್ರೇ ಕೊಂಡ್ಕೊಂಡು ಓಗ್ಬೇಕು. ಸಂತೆ ರೇಟಿಗೆ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೀಳುವ ಕೂಲಿ ಉಳಿಯಿತು, ಸಂತೆಗೆ ಸಾಗಿಸುವ ಬಾಡಿಗೆ ಉಳಿಯಿತು, ಉಂಡವರು ಖುಷಿಯಲ್ಲಿ ಎರಡರಷ್ಟು ಕೊಳ್ಳುತ್ತಾರೆ. ಈ ಅಜ್ಜಿ ನನಗಿಂತ ದೊಡ್ಡ ವ್ಯಾಪಾರಿ. ಅಂಥವರು ಸಿಕ್ಕಿದರೆ ಚೌಕಾಸಿ ಮಾಡಬಾರದು, ಜೊತೆಗೆ ಸೇರಿಕೊಳ್ಳಬೇಕು. ಸೇರಿಕೊಂಡೆ. ಅವರು ನನಗೆ ವ್ಯಾನಪ್ಪ ಎಂದು ಹೆಸರಿಟ್ಟರು.

ಎರಡು ವರ್ಷದಲ್ಲಿ ನನ್ನ ಅರ್ಧ ದುಡಿಮೆ ಆ ತೋಟದ ಮೇಲೆಯೇ ನಿಂತಿತು. ಕರಪತ್ರ ಮಾಡಿಸಿದೆ. ನಾಟಿ, ಕಟಾವು, ಆಲೆಮನೆಯ ಬಿಸಿ ಬೆಲ್ಲ, ರಸಬಾಳೆ, ಮೋಜಿನ ಎತ್ತಿನ ಗಾಡಿ ಸವಾರಿ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಅದನ್ನು ನೋಡಿ ಮೈಸೂರಿನ ಒಂದು ಶಾಲೆಯ ಹೆಡ್ ಮಿಸ್ಸು ಅರವತ್ತು ಮಕ್ಕಳನ್ನು ಕರೆತರುವುದಾಗಿ ಒಪ್ಪಿದರು. ಒಂದು ಶಾಲೆ ಹಿಡಿದರೆ ಪ್ರತಿ ವರ್ಷದ ಗಿರಾಕಿ ಹಿಡಿದ ಹಾಗೆ. ನಾನು ಅವ್ವನಿಗೆ ತಾರೀಖು ಹೇಳಿದೆ. ಅವರು "ಬರ್ಲಿ" ಎಂದರು.

ಎರಡು ಬಸ್ಸು ಬಂದವು. ಮನೆ ಮುಂದಿನ ಕಣದಲ್ಲಿ ನಿಂತಿದ್ದ ಗಾಡಿಗೆ ಮಕ್ಕಳು ಇರುವೆಯ ಹಾಗೆ ಮುತ್ತಿಕೊಂಡರು.

"ಅವ್ವಾ, ಎತ್ತು ಕಟ್ಸಿ" ಎಂದೆ.

"ಇವತ್ತಾ? ಸೋಮಾರ ಅಲ್ವೇನಪ್ಪ?"

"ಸೋಮವಾರ ಆದ್ರೆ ಏನವ್ವ?"

ಅವರು ನನ್ನ ಮುಖವನ್ನೇ ನೋಡಿದರು. "ನೀನು ನಂಜನಗೂಡೋನಾ, ಲಂಡನ್ನೋನಾ? ಸೋಮಾರ ಬಸವನ ದಿನ. ಎತ್ತಿನ ಕತ್ತಿಗೆ ನೊಗ ಏರ್ಸಕಿಲ್ಲ. ನೀನು ತಾರೀಖು ಏಳ್ದೆ, ವಾರ ಏಳ್ನಿಲ್ಲ."

ನಿಜ. ಪೇಟೆಯ ಮಂಡಿಯಲ್ಲಿ ಬೆಳೆದ ನನಗೆ ತಾರೀಖು ಮುಖ್ಯ, ಅವರಿಗೆ ವಾರ ಮುಖ್ಯ. ಅಷ್ಟು ಹೇಳಿ ಅವರು ಮಜ್ಜಿಗೆ ತರಲು ಒಳಗೆ ಹೋದರು. ಅತ್ತ ಹೆಡ್ ಮಿಸ್ಸು ಕರಪತ್ರ ಕೈಯಲ್ಲಿ ಹಿಡಿದು, "ಗಾಡಿ ಯಾವಾಗ್ರೀ? ಮಕ್ಕಳು ಒಂದು ವಾರದಿಂದ ಅದೇ ಜಪ ಮಾಡ್ತಿದಾವೆ" ಎಂದರು. ಕೊಟ್ಟಿಗೆಗೆ ಹೋಗಿ, ಗಾಡಿ ಹೊಡೆಯುವ ಆಳನ್ನು ಹಿಡಿದೆ.

"ಅವ್ವ ಒಪ್ಪಕಿಲ್ಲ ಸಾ" ಎಂದ ಅವನು.

"ಒಪ್ಪಿದಾರೆ ಕಣೋ. ಒಂದೇ ಸುತ್ತು. ಮಕ್ಕಳಲ್ವಾ ಅಂತ ಅವ್ರೇ ಅಂದ್ರು."

ಸುಳ್ಳು ಅಷ್ಟು ಸಲೀಸಾಗಿ ಬಂತು. ಅವನು ಹಿಂದೆ ಮುಂದೆ ನೋಡುತ್ತಾ ಒಂದು ಎತ್ತನ್ನು ಹೊರಗೆ ತಂದು ಕತ್ತಿಗೆ ನೊಗ ಇಟ್ಟ. ಇನ್ನೊಂದನ್ನು ತರಲು ತಿರುಗಿದಾಗ, ಅವ್ವ ಮಜ್ಜಿಗೆ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅವರು ಕೂಗಾಡಲಿಲ್ಲ. ಕೊಡ ಕೆಳಗಿಟ್ಟು ಬಂದು ನೊಗವನ್ನು ತಾವೇ ಎತ್ತಿ ಇಳಿಸಿದರು. ಎತ್ತಿನ ಹಣೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮಕ್ಕಳ ಕಡೆ ತಿರುಗಿದರು.

"ನಿಮ್ಗೆ ಇವತ್ತು ಇಸ್ಕೂಲ್ ಅದಾ?"

"ಇಲ್ಲಾ! ರಜಾ!"

"ಇವತ್ತು ನಿಮ್ಮ ಮಿಸ್ಸು ಕೂರ್ಸಿ ಲೆಕ್ಕ ಮಾಡ್ಸುದ್ರೆ ಮಾಡೀರಾ?"

"ಇಲ್ಲಾ!" ಹೆಡ್ ಮಿಸ್ಸೂ ನಕ್ಕರು.

"ಇವುಕ್ಕೂ ಸೋಮಾರ ರಜ ಕಣ್ರೋ. ವಾರ ಪೂರ್ತಿ ಗೇಯ್ತವೆ. ಗಾಡಿ ಬೇಕು ಅಂದ್ರೆ ನೀವೇ ಎಳ್ಕಳಿ. ಎಷ್ಟು ಭಾರ ಅದೆ ಅಂತ ನೋಡವ."

ಮಕ್ಕಳಿಗೆ ಅಷ್ಟೇ ಸಾಕಾಯಿತು. ನೊಗದ ಆ ಕಡೆ ನಾಲ್ಕು, ಈ ಕಡೆ ನಾಲ್ಕು, ಹಿಂದಿನಿಂದ ತಳ್ಳುವವರು ಹತ್ತು. "ಲೇ, ನೀನು ಎಡದೆತ್ತು, ಸುಮ್ನೆ ನಡಿಯೋ." "ಎತ್ತು ಮಾತಾಡಲ್ಲ ಕಣೋ, ಬಾಯಿ ಮುಚ್ಚು." ಕಣದಲ್ಲಿ ಒಂದು ಸುತ್ತು ಹೋಗುವಷ್ಟರಲ್ಲಿ ಎಲ್ಲರ ಮುಖ ಕೆಂಪಾಯಿತು. ಕೊನೆಗೆ ಹೆಡ್ ಮಿಸ್ಸನ್ನೇ ಗಾಡಿಗೆ ಹತ್ತಿಸಿದರು. ದಪ್ಪ ಆಳು ಅವರು. ಗಾಡಿ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಅವ್ವ ನನ್ನ ಕಡೆ ನೋಡಿ, "ಲೋ ವ್ಯಾನಪ್ಪ, ನೀನೂ ಕತ್ತು ಕೊಡು" ಎಂದರು.

ಕೊಟ್ಟೆ. ಅರವತ್ತು ಮಕ್ಕಳು "ಹೋಯ್ ಹೋಯ್" ಎಂದು ಚಪ್ಪಾಳೆ ಹೊಡೆದರು. ಆಮೇಲೆ ಆ ಮಕ್ಕಳು ಕೊಟ್ಟಿಗೆಗೆ ಹೋಗಿ ಎತ್ತುಗಳ ಕತ್ತು ತಡವಿದ್ದನ್ನು, ನೊಗ ತಗುಲಿ ಗಟ್ಟಿಯಾಗಿದ್ದ ಚರ್ಮವನ್ನು ಒಬ್ಬೊಬ್ಬರಾಗಿ ಮುಟ್ಟಿ ನೋಡಿದ್ದನ್ನು ನಾನು ಮರೆತಿಲ್ಲ. ಹೆಡ್ ಮಿಸ್ಸು ಹೋಗುವಾಗ ಮುಂದಿನ ವರ್ಷವೂ ಬರುತ್ತೇವೆ ಎಂದರು. ಗೆದ್ದೆ ಅಂದುಕೊಂಡೆ.

ಬಸ್ಸು ತಿರುವು ದಾಟಿದ ಮೇಲೆ ಅವ್ವ ಹೇಳಿದರು: "ಇನ್ನು ಮ್ಯಾಕೆ ಜನ ಕರ್ಕಬರ್ಬ್ಯಾಡ."

"ಅವ್ವಾ, ಸೋಮವಾರದ ವಿಷಯ ನಂಗೆ ಗೊತ್ತಿರಲಿಲ್ಲ."

"ಗೊತ್ತಿಲ್ದೆ ಇದ್ದದ್ದು ತಪ್ಪಲ್ಲ ಬುಡು. ಗೊತ್ತಾದ ಮ್ಯಾಕೂ ನನ್ನ ಬಾಯಲ್ಲಿ ಇಲ್ದಿರೋ ಮಾತ ಆಳಿಗೆ ಏಳ್ದೆಯಲ್ಲ, ಅದು. ಅವ್ನು ನಿನ್ನ ನಂಬ್ದ. ನಾಳೆ ಯಾರ್ನ ನಂಬಾನು?"

ವಾರ ಬಿಟ್ಟು ಹೋದೆ, ಬಾಗಿಲಲ್ಲೇ ನೀರು ಕೊಟ್ಟು ಕಳಿಸಿದರು. ಇನ್ನೊಂದು ವಾರ ಬಿಟ್ಟು ಹೋದೆ, ಅದೇ. ನರಸೀಪುರದ ಸುತ್ತ ಬೇರೆ ತೋಟ ಹುಡುಕಿದೆ, ಮೂಗೂರಿನವರೆಗೂ ಹೋಗಿ ಬಂದೆ. ಜಾಗ ಸಿಕ್ಕಿತು, ಅವ್ವ ಸಿಗಲಿಲ್ಲ. ಬಂದ ಜನ ಉಂಡು, ತೇಗಿ, ಮತ್ತೆ ಬರಲಿಲ್ಲ. ತೋಟ ಹೋದರೆ ಶಾಲೆಯೂ ಹೋಯಿತು, ನಾನು ಮತ್ತೆ ಬರೀ ಗುಡಿ ಸುತ್ತಿಸುವ ಡ್ರೈವರು. ಮೂರನೆಯ ಸಲ ಹೋಗಿ ಮೊದಲು ಆ ಆಳಿನ ಹತ್ತಿರ ತಪ್ಪಾಯಿತು ಎಂದೆ. ಆಮೇಲೆ ಜಗಲಿಯ ಕೆಳಗೆ ನಿಂತೆ. ಅವ್ವ ಬಾಳೆ ಎಲೆ ಕೊಯ್ದು ತರುತ್ತಿದ್ದರು.

"ನೀನು ಮಾರಾದು ಏನು ಅಂತ ನಿಂಗೇ ತಿಳೀದು. ಒಂದು ವರ್ಷ ಒಬ್ನೇ ಬಾ. ವಾರಕ್ಕೊಂದು ದಿನ. ಜನ ಬ್ಯಾಡ, ವ್ಯಾನು ಬ್ಯಾಡ. ಇಲ್ಲಿ ಏನೇನು ಆದದೋ ಅದ್ನೆಲ್ಲ ನಿನ್ನ ಕೈಯಾಗೆ ಮಾಡು. ಆಮ್ಯಾಕೆ ನೋಡವ."

ನನ್ನ ಹುಟ್ಟುಗುಣ ಬಿಡಲಿಲ್ಲ. "ಅವ್ವಾ, ಮೂರು ತಿಂಗ್ಳು ಮಾಡ್ಕೊಳ್ಳಿ."

"ಓಗಿ ಆ ಬತ್ತುಕ್ಕೆ ಏಳು. ಮೂರು ತಿಂಗ್ಳಿಗೆ ಕಟಾವಿಗೆ ಬಂದುಬುಡು ಅನ್ನು. ಅದು ಒಪ್ಪುದ್ರೆ ನಾನೂ ಒಪ್ತೀನಿ."

ಜೀವನದಲ್ಲಿ ಒಂದು ಕಾಸಿನಷ್ಟೂ ಇಳಿಸಲಾಗದ ವ್ಯಾಪಾರ ಅದೊಂದೇ.

ಬುಧವಾರಗಳಂದು ಬಸ್ಸು ಹತ್ತಿ ಹೋಗುತ್ತಿದ್ದೆ. ನಾಟಿ ಹಾಕಿದ ಮೊದಲ ದಿನ ರಾತ್ರಿ ಮಗ್ಗುಲು ಬದಲಾಯಿಸಲು ಆಗಲಿಲ್ಲ. ಕಬ್ಬಿನ ಗರಿ ಕುಯ್ದು ಮುಂಗೈ ತುಂಬ ಗೀರು. ಬಾಳೆ ಕಂದು ನೆಡುವಾಗ ಗುಂಡಿ ಆಳ ಸಾಲದೆಂದು ಅವ್ವ ಮೂರು ಸಲ ಕೀಳಿಸಿದರು. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ನೊರೆ ತೆಗೆಯುವುದು ಕಲಿತೆ. ಪಾಕ ಹದಕ್ಕೆ ಬಂದದ್ದನ್ನು ಅವರು ಕಣ್ಣಿನಿಂದಲ್ಲ, ಕಿವಿಯಿಂದ ಹೇಳುತ್ತಿದ್ದರು. ಕುದಿಯುವ ಸದ್ದು ದಪ್ಪವಾಗುತ್ತದಂತೆ. ನನಗೆ ಅದು ಕೇಳಿಸಲು ನಾಲ್ಕು ವಾರ ಹಿಡಿಯಿತು. ಕೇಳಿಸಿದ ದಿನ "ಈಗ ಇಳ್ಸಿ" ಎಂದು ನಾನೇ ಕೂಗಿದೆ. ಅವ್ವ ಬಿಸಿ ಬೆಲ್ಲದ ಒಂದು ತುಂಡನ್ನು ಎಲೆಯಲ್ಲಿಟ್ಟು ನನ್ನ ಕೈಗೆ ಕೊಟ್ಟರು.

ವರ್ಷ ತುಂಬಿದ ಮೇಲೆ ಹೊಸ ಕರಪತ್ರ ಬರೆದು ಅವರಿಗೆ ಓದಿ ಹೇಳಿದೆ.

"ಮೋಜು ಅಂತ ಬರ್ದಿದ್ದೀಯ, ಅದ್ನ ತಗಿ. ಬಿಸ್ಲು ಅಂತ ಬರಿ. ಕೆಸ್ರು ಅಂತ ಬರಿ. ಸೊಂಟ ನೋಯ್ತದೆ ಅಂತಾನೂ ಬರಿ."

"ಹಿಂಗೆ ಬರೆದ್ರೆ ಯಾರು ಬರ್ತಾರವ್ವ?"

"ಬರೋರು ಬತ್ತಾರೆ. ಬಂದೋರು ಬೈಯಕಿಲ್ಲ."

ಹಾಗೇ ಬರೆದೆ. ಜನ ಹೆಚ್ಚಾದರೇ ಹೊರತು ಕಡಿಮೆಯಾಗಲಿಲ್ಲ. ಹೊಸದಾಗಿ ಕಸುಬು ಶುರು ಮಾಡುವ ಹುಡುಗರು ಈಗ ನನ್ನ ಹತ್ತಿರ ಬಂದು ಗುಟ್ಟು ಏನು ಅಂತ ಕೇಳುತ್ತಾರೆ. ಕೊಡುವ ಮಾಲಿನ ಕಷ್ಟವನ್ನು ಮೊದಲು ಹೇಳಿ, ಸುಖವನ್ನು ಗಿರಾಕಿಯೇ ಕಂಡುಕೊಳ್ಳಲಿ ಎನ್ನುತ್ತೇನೆ. ಇನ್ನೊಂದು ಮಾತು: ಮಾರುವುದನ್ನು ಮೊದಲು ನಿಮ್ಮ ಬೆನ್ನ ಮೇಲೆ ಹೊತ್ತು ನೋಡಿ. ಎರಡೂ ನನ್ನ ಬುದ್ಧಿಯಲ್ಲ, ಆ ಹೆಂಗಸಿನದು. ನನ್ನ ಒಂದು ವ್ಯಾನು ಮೂರಾಯಿತು. ಬಿಟ್ಟು ಹೋಗಿದ್ದ ಆ ಶಾಲೆಯವರೂ ಮತ್ತೆ ವರ್ಷ ವರ್ಷವೂ ಬಂದರು, ವಾರ ನೋಡಿಕೊಂಡು.

ಒಂದು ಧನುರ್ಮಾಸದ ಗುರುವಾರ ಅವ್ವ ಲಿಂಗೈಕ್ಯರಾದರು. ನಾಲ್ಕು ದಿನದ ಜ್ವರ, ಅಷ್ಟೇ. ತೋಟದ ಮೂಲೆಯಲ್ಲೇ ಕೂರಿಸಿ ಸಮಾಧಿ ಮಾಡಿದರು. ನಾನು ಊರಿನವರ ಹಿಂದೆ ನಿಂತಿದ್ದೆ. ಭಾನುವಾರಕ್ಕೆ ಮೈಸೂರಿನ ಇಪ್ಪತ್ತು ಜನ ಹೆಂಗಸರ ಒಂದು ಗುಂಪನ್ನು ಒಪ್ಪಿಕೊಂಡಿದ್ದೆ. ಎಲ್ಲ ಮುಗಿದ ಮೇಲೆ ಮಗನ ಹತ್ತಿರ ಹೋಗಿ, "ಬೇಡ ಅಂತ ಹೇಳಿಬಿಡ್ತೀನಿ, ನೀವು ಯೋಚನೆ ಮಾಡ್ಬೇಡಿ" ಎಂದೆ.

"ಬ್ಯಾಡ ಅನ್ಬ್ಯಾಡಿ ಅಣ್ಣ" ಎಂದರು ಅವರು. "ಜ್ವರದಾಗೂ ಅವ್ವ ಅದ್ನೇ ಏಳ್ತಿತ್ತು. ನಾಲೆ ಪಕ್ಕದ ಎರಡು ಸಾಲು ಅವರೆ ಕೀಳ್ಬ್ಯಾಡಿ, ಭಾನುವಾರ ಬರೋರಿಗೆ ಗಿಡದಲ್ಲೇ ಇರ್ಲಿ ಅಂತ."

ಆ ವಾರ ಮೈಸೂರಿನಲ್ಲಿ ಅವರೆಕಾಯಿ ರೇಟು ಎಷ್ಟು ಏರಿತ್ತು ಎಂದು ನನಗೆ ಗೊತ್ತಿತ್ತು. ಅಂಥ ವಾರದಲ್ಲಿ ಎರಡು ಸಾಲು ಬಿಟ್ಟಿದ್ದರು.

ಭಾನುವಾರ ಬೆಳಗ್ಗೆ ಮಂಜು ಇನ್ನೂ ಇಳಿಯುತ್ತಿರುವಾಗಲೇ ಜನರನ್ನು ಸಾಲಿಗೆ ಇಳಿಸಿದೆ. ಕಾಯಿ ಮುಟ್ಟಿದರೆ ಕೈಗೆ ಅಂಟುವ ಸೊಗಡು ಮಂಜಿನಲ್ಲಿ ಜಾಸ್ತಿ. ಬಲಿತದ್ದನ್ನು ಹೇಗೆ ನೋಡಬೇಕು, ಬಳ್ಳಿ ನೋಯದ ಹಾಗೆ ಹೇಗೆ ಕೀಳಬೇಕು ಎಂದು ತೋರಿಸುತ್ತಾ ಹೋದೆ. ಗುಂಪಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನನ್ನೇ ಗಮನಿಸುತ್ತಿದ್ದರು.

"ಇದು ನಿಮ್ಮ ತೋಟವಾ?" ಎಂದು ಕೇಳಿದರು.

ಅಲ್ಲ, ನಾನು ವ್ಯಾನಿನವನು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಬಗ್ಗಿದ್ದ ಅವ್ವನ ಸೊಸೆ ತಲೆ ಎತ್ತದೆ ಹೇಳಿದರು:

"ಊಂ ಕಣಕ್ಕ, ಅವ್ರ್ದೂವೆ. ಗೇಯ್ದವ್ರೆ ಇಲ್ಲಿ."