ಜಗಳ ಬಿಟ್ಟ ಮೂರು ವಾರ

ಮೊದಲು ಬಂದದ್ದು ತಲೆಸುತ್ತು. ಗ್ಯಾರೇಜಿನಲ್ಲಿ ಅಕ್ಕಿಚೀಲ ಎತ್ತಲು ಬಗ್ಗಿದ ನಮ್ಮವರು ಹಾಗೇ ನೆಲಕ್ಕೆ ಕೂತುಬಿಟ್ಟರು. ನಾನು ಬೈದೆ. "ಎಷ್ಟು ಸಲ ಹೇಳೀನಿ, ನೀರು ಕುಡೀರಿ ಅಂತ?" ಬೈಯುವುದು ನನ್ನ ಸ್ವಭಾವ. ಧಾರವಾಡದಿಂದ ಹೂಸ್ಟನ್ ಪಕ್ಕದ ಈ ಸೈಪ್ರೆಸ್‌ವರೆಗೆ, ಇಪ್ಪತ್ತೆರಡು ವರ್ಷ, ಬೈದುಕೊಂಡೇ ಸಂಸಾರ ಮಾಡಿದವಳು.

ತಲೆಸುತ್ತು ಕಿವಿಯ ತೊಂದರೆಯಂತೆ. ಎರಡು ದಿನಕ್ಕೆ ಹೋಯಿತು. ಆದರೆ ಅದಕ್ಕಾಗಿ ಮಾಡಿಸಿದ ಸ್ಕ್ಯಾನ್‌ನಲ್ಲಿ ಬೇರೆಯದೇ ಕಂಡಿತು. ಮಿದುಳಿನ ರಕ್ತನಾಳದಲ್ಲಿ ನಾಲ್ಕು ಮಿಲಿಮೀಟರಿನ ಒಂದು ಉಬ್ಬು.

ಅನ್ಯೂರಿಸಂ.

ಒಡೆದರೆ ಜೀವಕ್ಕೇ ಅಪಾಯ. ಒಡೆಯದೆ ಜೀವಮಾನವಿಡೀ ಹಾಗೇ ಇದ್ದರೂ ಇರಬಹುದು.

ಹೂಸ್ಟನ್ನಿನ ಸರ್ಜನ್ ವಯಸ್ಸಾದವರು, ಮೆತ್ತಗೆ ಮಾತಾಡುವವರು. ಆಪರೇಷನ್ ಮಾಡಿಬಿಡೋಣ ಅಂದರು. ಅದರಲ್ಲೇ ಏನಾದರೂ ಆದರೆ ಎಂದು ಕೇಳಿದೆ. ಸ್ಟ್ರೋಕ್ ಆಗಬಹುದು, ಸಾಧ್ಯತೆ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನಲಾರೆ ಅಂದರು. ನಮ್ಮ ಕಡೆ ರೂಢಿಯಂತೆ, ನೀವು ಹೇಳಿದ ಹಾಗೆ ಕೇಳುತ್ತೇವೆ ಅಂದೆ. "ನಿರ್ಧಾರ ನಿಮ್ಮದು," ಅಂದರು. ನನಗೆ ಮೈಯೆಲ್ಲ ಉರಿಯಿತು. ಓದಿದ್ದು ಅವರು, ನಿರ್ಧಾರ ನಮ್ಮದಂತೆ!

ಅವತ್ತಿನಿಂದ ನಾನು ಜಗಳ ಬಿಟ್ಟೆ. ಇವರ ಬಿಪಿ ಏರಬಾರದಲ್ಲ. ಹಾಸಿಗೆ ಮೇಲೆ ಒದ್ದೆ ಟವೆಲ್ ಬಿದ್ದಿದ್ದರೂ ತುಟಿಪಿಟಕ್ಕೆನ್ನದೆ ಎತ್ತಿ ಒಣಗಹಾಕುತ್ತಿದ್ದೆ. "ಅಮ್ಮಾ, ವೈ ಆರ್ ಯೂ ಸೋ ನೈಸ್?" ಎಂದು ಮಗಳು ಅನು ಗಾಬರಿಯಾದಳು.

ಇನ್ನೊಬ್ಬ ಡಾಕ್ಟರನ್ನು ಕೇಳಬೇಕು ಅನ್ನಿಸಿತು. ಆದರೆ ಸರ್ಜನ್‌ಗೆ ಬೇಜಾರಾದರೆ? ನಾಳೆ ಚಾಕು ಹಿಡಿಯುವವರು ಅವರೇ. ಆಸ್ಟಿನ್ ಪಕ್ಕದ ಜಾರ್ಜ್‌ಟೌನ್‌ನಲ್ಲಿ ನಾದಿನಿಯ ಗೃಹಪ್ರವೇಶ ಇದೆ, ಮುಗಿಸಿಕೊಂಡು ಬಂದು ನಿರ್ಧಾರ ಹೇಳುತ್ತೇವೆ ಎಂದು ಅವರಿಗೆ ಸುಳ್ಳು ಹೇಳಿ, ಸ್ಕ್ಯಾನ್ ಸಿಡಿ ಪರ್ಸಿನಲ್ಲಿಟ್ಟುಕೊಂಡು ಆಸ್ಟಿನ್ನಿಗೆ ಹೋದೆವು. ಅಲ್ಲಿನ ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಸ್ಕ್ಯಾನನ್ನು ಬಹಳ ಹೊತ್ತು ನೋಡಿದರು.

"ನಾನಾದರೆ ಕಾಯುತ್ತೇನೆ," ಅಂದರು. ಚಿಕ್ಕದು, ಬಿಪಿ ಸರಿಯಿದೆ, ಸಿಗರೇಟಿಲ್ಲ, ಮನೆತನದಲ್ಲಿ ಯಾರಿಗೂ ಇಲ್ಲ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡೋಣ. ಅಲ್ಲಿಯವರೆಗೆ ಏನೂ ಆಗುವುದಿಲ್ಲವಾ ಅಂದೆ. "ಮಾತು ಕೊಡಲಾರೆ."

ಅದೇ ಚಿತ್ರ. ಎರಡು ಉತ್ತರ.

ಮುಂದಿನ ವಾರ ಸರ್ಜನ್ ಎದುರು ಕೂತಾಗ, ಗೃಹಪ್ರವೇಶ ಹೇಗಾಯಿತು ಎಂದು ಅವರು ಪ್ರೀತಿಯಿಂದ ಕೇಳಿದರು. ಅಯ್ಯ ಶಿವನೇ! ನಮ್ಮವರಿಗೆ ಸುಳ್ಳು ದಕ್ಕುವುದಿಲ್ಲ, ಎಲ್ಲ ಹೇಳಿಬಿಟ್ಟರು. ನಾನು ನೆಲ ನೋಡುತ್ತ ಕೂತೆ.

ಸರ್ಜನ್ ನಕ್ಕರು. ಹೇಳಿದ್ದರೆ ನಾನೇ ಆಕೆಗೆ ರಿಪೋರ್ಟ್ ಕಳಿಸುತ್ತಿದ್ದೆ ಅಂದರು. ಆಮೇಲೆ ಕನ್ನಡಕ ತೆಗೆದರು. "ಆಕೆ ಹೇಳಿದ್ದು ತಪ್ಪಲ್ಲ. ಬಹಳ ಹಿಂದೆ, ಇಷ್ಟೇ ಸಣ್ಣದಿದ್ದ ಒಬ್ಬರಿಗೆ ನಾನೂ ಕಾಯೋಣ ಅಂದಿದ್ದೆ. ಅವರು ಉಳಿಯಲಿಲ್ಲ. ಅಲ್ಲಿಂದ ನನಗೆ ಕಾಯುವುದು ಕಷ್ಟ. ಅದು ನಿಮ್ಮವರ ಕಾಯಿಲೆಯಲ್ಲ, ನನ್ನ ನೆನಪು."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಇಷ್ಟು ದೊಡ್ಡ ಡಾಕ್ಟರಿಗೂ ನನ್ನಷ್ಟೇ ಹೆದರಿಕೆ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ನಮ್ಮವರು ನನ್ನ ಕಡೆ ತಿರುಗಿದರು. "ನಾ ಕಾಯ್ತೇನಿ. ತಲ್ಯಾಗ ಅದನ್ನ ಇಟ್ಕೊಂಡು ಇರಾಕ ಆಗ್ತದ ನನಗ. ಆದ್ರ ನೀ ಹಿಂಗ ಸುಮ್ಮನ ಇದ್ರ ಆಗೂದಿಲ್ಲ ನೋಡು. ನೀ ಬೈದಿಲ್ಲಂದ್ರ ನಾ ಆಗಲೇ ಸತ್ತೇನೇನೋ ಅನ್ನಿಸ್ತದ."

ನಾನು ಅಲ್ಲೇ ಅತ್ತೆ. ಸರ್ಜನ್ ಏನಾಯಿತೆಂದು ಕೇಳಿದರು. ಮೂಗು ಒರೆಸಿಕೊಂಡು, ಮನೆಯಲ್ಲಿ ಜಗಳ ಮಾಡಬಹುದಾ ಅಂದೆ.

"ದಿನಾ ಮಾಡುವಷ್ಟು ಮಾಡಿ," ಅಂದರು.

ಆರು ತಿಂಗಳ ಸ್ಕ್ಯಾನ್ ಆಯಿತು. ಇದ್ದಷ್ಟೇ ಇದೆ. ಮುಂದಿನ ವರ್ಷ ಮತ್ತೆ ನೋಡಬೇಕು. ಆಗ ಏನಿರುತ್ತದೋ ಯಾರಿಗೂ ಗೊತ್ತಿಲ್ಲ, ಇಬ್ಬರು ಡಾಕ್ಟರಿಗೂ.

ಇವತ್ತು ಬೆಳಿಗ್ಗೆ ಮತ್ತೆ ಹಾಸಿಗೆ ಮೇಲೆ ಒದ್ದೆ ಟವೆಲ್. ಬಾಯ್ತುಂಬ ಬೈದೆ. ನಡುವೆ ಭಯವಾಗಿ ನಿಲ್ಲಿಸಿದೆ.

"ಯಾಕ ನಿಲ್ಲಿಸಿದಿ?" ಅಂದರು. "ಬೈ, ಬೈ."